ಬೈಕಿನ ಟ್ಯಾಂಕ್ ಮೇಲೆ ಒಣಗಿ ಕೂತ ಹುಳದ ಕಲೆ ಹೋಗುತ್ತಿಲ್ಲ, ಏನು ಮಾಡಲಿ?

ನೀಲಿಕುದುರೆ, ಬೆಂಗಳೂರು · ಗುರುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಗೊತ್ತಿರುವವರು ದಯವಿಟ್ಟು ದಾರಿ ಹೇಳಿ.

ಹೋದ ಭಾನುವಾರ ಗಂಗಾವತಿಯ ಅಕ್ಕನ ಮನೆಯಿಂದ ವಾಪಸ್ ಬಂದೆ. ಹೊರಡುವಾಗಲೇ ಸಂಜೆ ಐದೂವರೆ. ಹೊಸಪೇಟೆ ದಾರಿಯಲ್ಲಿ ಎರಡೂ ಕಡೆ ಭತ್ತದ ಗದ್ದೆ, ಕೊಯ್ಲಿಗೆ ಬಂದ ಪೈರು. ಹೆಡ್‌ಲೈಟ್ ಹಾಕಿದ್ದೇ ತಡ, ಹುಳಗಳು ಮಳೆಹನಿ ಥರ ಬಂದು ಬಡಿಯತೊಡಗಿದವು. ಹೆಲ್ಮೆಟ್ ಗ್ಲಾಸ್ ಎತ್ತಿದರೆ ಕಣ್ಣಿಗೆ, ಇಳಿಸಿದರೆ ದಾರಿಯೇ ಕಾಣುವುದಿಲ್ಲ. ಚಿತ್ರದುರ್ಗದಲ್ಲಿ ಟೀ ಕುಡಿಯಲು ನಿಂತಾಗ ಗ್ಲಾಸ್ ಮಾತ್ರ ಒರೆಸಿಕೊಂಡೆ. ಮನೆ ಸೇರಿದಾಗ ಮಧ್ಯರಾತ್ರಿ ದಾಟಿತ್ತು. ಸೋಮವಾರದಿಂದ ಬುಧವಾರದವರೆಗೆ ಗಾಡಿ ಆಫೀಸಿನ ಬಯಲು ಪಾರ್ಕಿಂಗಿನಲ್ಲಿ ಬಿಸಿಲಿಗೆ ನಿಂತಿತ್ತು.

ನಿನ್ನೆ ರಾತ್ರಿ ತೊಳೆಯಲು ಕೂತೆ. ಹೆಡ್‌ಲೈಟಿನ ಸುತ್ತಲಿನ ಡೂಮ್, ಮುಂದಿನ ಮಡ್‌ಗಾರ್ಡ್, ಟ್ಯಾಂಕಿನ ಮುಂಭಾಗ ಎಲ್ಲಾ ಕಡೆ ಹುಳ. ನೀರು ಹಾಕಿ ಒರೆಸಿದರೆ ರೆಕ್ಕೆ, ಕಾಲು ಬಂದವು. ಹಳದಿ ಕಲೆ ಮಾತ್ರ ಹಾಗೇ ಉಳಿಯಿತು. ಆಮೇಲೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ತಗೊಂಡು ಟ್ಯಾಂಕಿನ ಎಡಗಡೆ ಸ್ವಲ್ಪ ಉಜ್ಜಿದೆ. ಕಲೆ ಹೋಯಿತು, ಜೊತೆಗೆ ಹೊಳಪೂ ಹೋಯಿತು. ಅಂಗೈಯಗಲ ಜಾಗ ಮಂಜು ಕವಿದ ಹಾಗಿದೆ. ಕಡುನೀಲಿ ಬಣ್ಣ ಆಗಿರುವುದರಿಂದ ದೂರದಿಂದಲೇ ಕಾಣುತ್ತದೆ. ನನ್ನ ದುಡಿಮೆಯಲ್ಲಿ ತಗೊಂಡ ಮೊದಲ ಗಾಡಿ ಇದು. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಉಳಿದ ಕಲೆಗಳನ್ನು ಹೇಗೆ ತೆಗೆಯಲಿ? ಮಂಜು ಕವಿದ ಜಾಗ ಸರಿಹೋಗುತ್ತದಾ?

ಘಾಟಿಸವಾರ, ಸಕಲೇಶಪುರ · ಗುರುವಾರ ರಾತ್ರಿ 9:58

ಬನಿಯನ್ ಬಟ್ಟೆಗೆ ಸ್ವಲ್ಪ ಪೆಟ್ರೋಲ್ ಹಾಕಿ ಒರೆಸಿ. ಡಾಂಬರಿನ ಚುಕ್ಕೆಯೇ ಹೋಗುತ್ತದೆ, ಹುಳ ಯಾವ ಲೆಕ್ಕ. ನಮ್ಮ ತಂದೆ ಮೊದಲಿಂದಲೂ ಹಾಗೇ ಮಾಡುತ್ತಿದ್ದರು.

ಗ್ಯಾರೇಜ್ ಪೇಂಟರ್, ಶಿವಮೊಗ್ಗ · ಗುರುವಾರ ರಾತ್ರಿ 10:20

ತಮ್ಮಾ, ಮೊದಲು ಉಜ್ಜುವುದನ್ನು ನಿಲ್ಲಿಸು. ಪೆಟ್ರೋಲೂ ಬೇಡ. ಉಳಿದ ಮಾತು ಆಮೇಲೆ.

ಈಗಿನ ಗಾಡಿಗಳಲ್ಲಿ ಬಣ್ಣದ ಮೇಲೆ ಒಂದು ಪಾರದರ್ಶಕ ಪದರ ಇರುತ್ತದೆ. ನಾವು ಗ್ಯಾರೇಜಿನವರು ಕ್ಲಿಯರ್ ಅಂತೀವಿ, ಹಳಬರು ಲ್ಯಾಕರ್ ಅಂತಾರೆ. ನೀನು ನೋಡುವ ಹೊಳಪೆಲ್ಲ ಅದರದ್ದೇ. ಅದರ ದಪ್ಪ ಸುಮಾರು 35ರಿಂದ 50 ಮೈಕ್ರಾನ್, ಅಂದರೆ ತಲೆಕೂದಲಿಗಿಂತ ತೆಳು. ಹಸಿರು ಸ್ಕ್ರಬ್ಬರಿನ ನಾರಿನಲ್ಲಿ ಉಪ್ಪುಕಾಗದದಲ್ಲಿ ಇರುವಂಥದ್ದೇ ಗಟ್ಟಿ ಪುಡಿ ಕೂತಿರುತ್ತದೆ. ಪಾತ್ರೆಗೆ ಸರಿ, ಪೇಂಟಿಗೆ ವೈರಿ.

ಒಂದು ಪರೀಕ್ಷೆ ಮಾಡು. ಮಂಜಾದ ಜಾಗದ ಮೇಲೆ ನೀರು ಸವರು. ಒದ್ದೆ ಇರುವಷ್ಟು ಹೊತ್ತು ಮಂಜು ಮಾಯವಾಗಿ ಬಣ್ಣ ಸರಿಯಾಗಿ ಕಂಡರೆ, ಗೀರು ಕ್ಲಿಯರಿನಲ್ಲೇ ಇದೆ ಅಂತ. ಅದು ಪಾಲಿಶ್‌ಗೆ ಬರುತ್ತದೆ. ಇನ್ನೊಂದು, ಉಗುರನ್ನು ಮೆಲ್ಲಗೆ ಅಡ್ಡ ಎಳೆ. ಉಗುರು ಸಿಕ್ಕಿಕೊಂಡರೆ ಆಳ ಇದೆ, ಕೈಯಲ್ಲಿ ಆಗುವ ಕೆಲಸ ಅಲ್ಲ. ನೋಡಿ ಹೇಳು.

ಉಳಿದ ಕಲೆಗಳಿಗೆ ಹೀಗೆ ಮಾಡು. ಗಾಡಿ ನೆರಳಲ್ಲಿರಲಿ, ಟ್ಯಾಂಕ್ ಮುಟ್ಟಿದರೆ ತಣ್ಣಗಿರಬೇಕು. ಮೊದಲು ಮೇಲಿಂದ ನೀರು ಬಿಟ್ಟು ಧೂಳು ಇಳಿಸು. ಧೂಳಿರುವಾಗ ಬಟ್ಟೆ ಹಾಕಿದರೆ ಮತ್ತೆ ಗೀರು. ಹಳೆಯ ಹತ್ತಿ ಟವೆಲ್ ಒಂದನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ನೀರು ಹನಿಯುವಷ್ಟು ಮಾತ್ರ ಹಿಂಡಿ, ಕಲೆಯ ಮೇಲೆ ಹೊದಿಸು. ನೀರಿಗೆ ಗಾಡಿ ಶಾಂಪೂ ಎರಡು ಹನಿ ಸಾಕು. 15 ನಿಮಿಷ ಬಿಡು. ಒಣಗುತ್ತಾ ಬಂದರೆ ಮೇಲಿಂದಲೇ ನೀರು ಚಿಮುಕಿಸು. ಆಮೇಲೆ ಟವೆಲನ್ನು ಎತ್ತುತ್ತಲೇ ಒಂದೇ ದಿಕ್ಕಿಗೆ ಜಾರಿಸು, ಒತ್ತಬೇಡ. ಬರದಿದ್ದರೆ ಇನ್ನೊಂದು ಸಲ ಹೊದಿಸು. ನಾಲ್ಕು ದಿನ ಒಣಗಿದ್ದು ಒಂದೇ ಸಲಕ್ಕೆ ಬಿಡುವುದಿಲ್ಲ. ನಾನು ಕೆಲವು ಗಾಡಿಗಳಿಗೆ ನಾಲ್ಕು ಸಲ ಹೊದಿಸಿದ್ದೂ ಇದೆ.

ಘಾಟಿಸವಾರ, ಸಕಲೇಶಪುರ · ಗುರುವಾರ ರಾತ್ರಿ 10:31

ಅಣ್ಣಾ, ಪೆಟ್ರೋಲ್ ಯಾಕೆ ಬೇಡ? ನಿಜವಾಗಿ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಪ್ರಯೋಗಶಾಲೆ, ದಾವಣಗೆರೆ · ಶುಕ್ರವಾರ ಬೆಳಿಗ್ಗೆ 6:50

ಇದಕ್ಕೆ ನಾನು ಉತ್ತರ ಹೇಳುತ್ತೇನೆ. ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತೇನೆ, ಸ್ಕೂಟರ್ ಓಡಿಸುತ್ತೇನೆ.

ಡಾಂಬರು ಎಣ್ಣೆಯ ಜಾತಿ, ಪೆಟ್ರೋಲೂ ಅದೇ ಜಾತಿ. ಅದಕ್ಕೇ ಒಂದನ್ನೊಂದು ಕರಗಿಸುತ್ತವೆ. ಹುಳದ ಮೈಯೊಳಗಿನ ರಸದಲ್ಲಿ ಇರುವುದು ಮುಖ್ಯವಾಗಿ ನೀರು ಮತ್ತು ಪ್ರೋಟೀನ್. ಪ್ರೋಟೀನ್ ಪೆಟ್ರೋಲಿನಲ್ಲಿ ಕರಗುವುದಿಲ್ಲ. ಕಲೆ ಹೋಯಿತು ಅಂತ ನಿಮಗೆ ಅನಿಸಿದ್ದರೆ, ಅದು ಬಟ್ಟೆಯಿಂದ ಒತ್ತಿ ಉಜ್ಜಿದ್ದಕ್ಕೆ ಹೋಗಿರುತ್ತದೆ. ಪೆಟ್ರೋಲ್ ಹಾಕುವುದರಿಂದ ಪೇಂಟ್ ಮೇಲಿನ ವ್ಯಾಕ್ಸ್ ಹೋಗುತ್ತದೆ, ಸ್ಟಿಕ್ಕರ್ ಅಂಚು ಏಳುತ್ತದೆ, ಹೆಡ್‌ಲೈಟಿನ ಪ್ಲಾಸ್ಟಿಕ್ ಸೀಳು ಬಿಡಬಹುದು. ಬೆಂಕಿಯ ಅಪಾಯ ಬೇರೆ.

ಬಿಸಿ ಕಾವಲಿಯ ಮೇಲೆ ಒಡೆದ ಮೊಟ್ಟೆ ನೆನಪಿಸಿಕೊಳ್ಳಿ. ಬಿಳಿ ಭಾಗ ಮೊದಲು ಲೋಳೆ, ಬಿಸಿ ತಾಗಿದ ಕ್ಷಣ ಗಟ್ಟಿ. ಹುಳದ ರಸಕ್ಕೂ ಬಿಸಿಲಿನ ಟ್ಯಾಂಕ್ ಮೇಲೆ ಹೀಗೇ ಆಗುತ್ತದೆ. ಅದಕ್ಕೇ ಪೇಂಟರ್ ಅಣ್ಣ ಉಗುರುಬೆಚ್ಚಗಿನ ನೀರು ಅಂದಿದ್ದು. ಕುದಿಯುವ ನೀರು ಹಾಕಬೇಡಿ. ಮೊಟ್ಟೆ ಅಂಟಿದ ಬಾಣಲೆಯನ್ನು ನೆನೆಸಿಟ್ಟು ತೊಳೆಯುವುದು ಅಡುಗೆ ಮಾಡುವವರಿಗೆಲ್ಲ ಗೊತ್ತಿರುವ ವಿಷಯ. ಪೇಂಟಿಗೂ ಅದೇ ಕ್ರಮ.

ಹುಳದ ಹೊರಗಿನ ಕವಚ ಕೈಟಿನ್ ಅನ್ನುವ ವಸ್ತುವಿನದು. ಅದು ನೀರಿನಲ್ಲಿ ಕರಗುವುದಿಲ್ಲ, ಒಣಗಿದಾಗ ಚೂಪಾಗಿರುತ್ತದೆ. ಉಜ್ಜಿದಾಗ ಆ ಚೂರುಗಳೇ ಪೇಂಟ್ ಗೀರುತ್ತವೆ.

ಇನ್ನು ಹಳದಿ ಕಲೆ ಅಂದಿರಲ್ಲ, ಅದು ಹುಳದ ರಕ್ತವೇ. ಹೆಚ್ಚಿನ ಕೀಟಗಳ ರಕ್ತದಲ್ಲಿ ನಮ್ಮ ಹಾಗೆ ಕೆಂಪು ಹಿಮೋಗ್ಲೋಬಿನ್ ಇಲ್ಲ. ಕೆಂಪು ಚುಕ್ಕೆ ಕಂಡರೆ ಯಾರದೋ ರಕ್ತ ಕುಡಿದ ಸೊಳ್ಳೆ ಇರಬಹುದು, ಅಥವಾ ನೊಣದ ಕಣ್ಣಿನ ಬಣ್ಣ. ಮಕ್ಕಳಿಗೆ ಇದನ್ನು ಹೇಳಿದರೆ ಮರುದಿನ ಎಲ್ಲರೂ ಅಪ್ಪನ ಗಾಡಿ ನೋಡಿಕೊಂಡು ಬರುತ್ತಾರೆ.

ಗದ್ದೆಬದು, ಸಿಂಧನೂರು · ಶುಕ್ರವಾರ ಬೆಳಿಗ್ಗೆ 8:15

ನೀಲಿಕುದುರೆ ಅವರೇ, ನೀವು ಬಂದದ್ದು ನಮ್ಮ ಕಡೆ ಹುಳ ಏಳುವ ಹೊತ್ತಿನಲ್ಲೇ ರೀ. ತುಂಗಭದ್ರಾ ಕಾಲುವೆ ನೀರಿರುವ ಕಡೆಯೆಲ್ಲ ಮುಂಗಾರು ಭತ್ತ ಬಲಿಯುವ ಹೊತ್ತಿಗೆ ಜಿಗಿಹುಳು ಜಾಸ್ತಿ. ಹಸಿರು ಜಿಗಿಹುಳು ಒಂದು, ಕಂದು ಜಿಗಿಹುಳು ಇನ್ನೊಂದು. ಎರಡೂ ಪೈರಿನ ರಸ ಹೀರುತ್ತವೆ, ಎರಡೂ ಬೆಳಕಿಗೆ ಮುತ್ತುತ್ತವೆ. ಕಂದು ಹುಳು ಬಿದ್ದರೆ ಗದ್ದೆಯಲ್ಲಿ ಅಲ್ಲಲ್ಲಿ ದುಂಡಗೆ ಪೈರು ಸುಟ್ಟ ಹಾಗೆ ಒಣಗುತ್ತದೆ. ನಮಗೆ ಆ ಚಿಂತೆ, ನಿಮಗೆ ಟ್ಯಾಂಕಿನ ಚಿಂತೆ. ಎರಡೂ ಒಂದೇ ಹುಳುವಿಂದ.

ಸೂರ್ಯ ಮುಳುಗಿದ ಮೇಲಿನ ಒಂದೆರಡು ಗಂಟೆ ತೀರಾ ಜಾಸ್ತಿ. ಆ ಹೊತ್ತಲ್ಲಿ ನಾನಂತೂ ಊರೊಳಗೆ ಎಲ್ಲಾದರೂ ನಿಂತು ಊಟ ಮುಗಿಸಿ ಹೊರಡುತ್ತೇನೆ. ನಿಲ್ಲಿಸುವಾಗ ಡಾಬಾದ ಟ್ಯೂಬ್‌ಲೈಟಿನ ಕೆಳಗೆ ಗಾಡಿ ಬಿಡಬೇಡಿ. ಊಟ ಮಾಡಿ ಬರುವಷ್ಟರಲ್ಲಿ ಸೀಟಿನ ತುಂಬ ಹುಳು ಇರುತ್ತವೆ.

ಮುಂಗಾರು ಶುರುವಾದಾಗಿನ ಹುಳು ಬೇರೆ. ಮೊದಲ ಮಳೆ ಬಿದ್ದ ಸಂಜೆ ಗೆದ್ದಲಿಗೆ ರೆಕ್ಕೆ ಬಂದು ಹುತ್ತದಿಂದ ಏಳುತ್ತವಲ್ಲ, ಅವು. ಅವುಗಳ ಮೈಯಲ್ಲಿ ಕೊಬ್ಬು ತುಂಬಿರುತ್ತದೆ. ಹಳ್ಳಿಗಳಲ್ಲಿ ಹುರಿದು ತಿನ್ನುತ್ತಿದ್ದರು. ಗಾಡಿಗೆ ಬಡಿದರೆ ಎಣ್ಣೆ ಎಣ್ಣೆ ಕಲೆ. ಅದಕ್ಕೆ ಬರೀ ನೀರು ಸಾಲದು, ಸೋಪು ಬೇಕು.

ಮ್ಯಾಟ್‌ಕಪ್ಪು, ಮಂಗಳೂರು · ಶುಕ್ರವಾರ ಮಧ್ಯಾಹ್ನ 1:05

ಮ್ಯಾಟ್ ಪೇಂಟ್ (ಹೊಳಪಿಲ್ಲದ ಮಂದ ಬಣ್ಣ) ಇರುವವರಿಗೆ ಒಂದು ಮಾತು, ಯಾಕೆಂದರೆ ಈ ಚರ್ಚೆ ಓದಿ ಯಾರಾದರೂ ಪಾಲಿಶ್ ಹಾಕಿಬಿಟ್ಟಾರು. ಮ್ಯಾಟ್ ಮೇಲೆ ಪಾಲಿಶ್, ರಬ್ಬಿಂಗ್ ಕಾಂಪೌಂಡ್ (ಉಜ್ಜಿ ಹೊಳಪು ತರುವ ಒರಟು ಪೇಸ್ಟ್), ಮಾಮೂಲಿ ವ್ಯಾಕ್ಸ್ ಯಾವುದೂ ಬೇಡ. ಉಜ್ಜಿದ ಜಾಗ ಮಿಂಚತೊಡಗುತ್ತದೆ, ಆ ಮಿಂಚನ್ನು ಮತ್ತೆ ಮಂದ ಮಾಡಲು ಆಗುವುದಿಲ್ಲ. ನನ್ನ ಗಾಡಿಯ ಟ್ಯಾಂಕಿನಲ್ಲಿ ಮೊಣಕಾಲು ತಾಗುವ ಕಡೆಯೇ ಹೀಗೆ ಮಿಂಚು ಬಂದಿದೆ. ಮ್ಯಾಟ್‌ಗೆ ಒದ್ದೆ ಬಟ್ಟೆ, ತಾಳ್ಮೆ, ಅಷ್ಟೇ. ಅದೇ ದಿನ ತೆಗೆಯಬೇಕು. ಕಲೆ ಒಳಗಿಳಿದರೆ ಮತ್ತೆ ಪೇಂಟ್ ಹೊಡೆಸುವುದೊಂದೇ ದಾರಿ.

ಯಾದವಗಿರಿ ಜಾವಾ, ಮೈಸೂರು · ಶುಕ್ರವಾರ ಸಂಜೆ 5:30

ಹಳೆಯ ಗಾಡಿಗಳದ್ದು ಇನ್ನೊಂದು ಕಥೆ. ನನ್ನ ಬಳಿ ಇರುವುದು ಅಪ್ಪನ ಕಾಲದ ಮರೂನ್ ಬಣ್ಣದ ಜಾವಾ. ಇಲ್ಲೇ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿ ಇನ್ನೂ ಬೆಳಿಗ್ಗೆ ಎರಡನೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ.

ನನ್ನ ಗಾಡಿಯ ಪೇಂಟಿನ ಮೇಲೆ ಕ್ಲಿಯರ್ ಪದರ ಇಲ್ಲ. ಬಣ್ಣವೇ ಕೊನೆಯ ಪದರ. ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ ಒರೆಸಿದರೆ ಬಟ್ಟೆ ಕೆಂಪಾಗುತ್ತದೆ. ಮೊದಲ ಸಲ ನೋಡಿದಾಗ ಎದೆ ಝಲ್ಲೆಂದಿತ್ತು. ಆ ಬಟ್ಟೆಯ ಕೆಂಪೆಲ್ಲ ನನ್ನ ಟ್ಯಾಂಕಿನದೇ ಬಣ್ಣ. ಒಂದೊಂದು ಸಲ ಒರೆಸಿದಾಗಲೂ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಮಾತ್ರ ಪಾಲಿಶ್.

ಹುಳದ ಕಲೆಗೆ ನಾನು ಅಂಟುವಾಳ ಕಾಯಿ ನೀರು ಬಳಸುತ್ತೇನೆ. ಅಮ್ಮ ರೇಷ್ಮೆ ಸೀರೆ ತೊಳೆಯುತ್ತಿದ್ದದ್ದು ಅದರಲ್ಲೇ. ಬೀಜ ತೆಗೆದ ನಾಲ್ಕು ಕಾಯಿ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ, ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಸೋಸುವುದು ಮರೆಯಬೇಡಿ, ಸಿಪ್ಪೆಯ ಚೂರು ಗೀರುತ್ತದೆ. ನೊರೆ ಬರುವ ನೀರಲ್ಲಿ ಬಟ್ಟೆ ಅದ್ದಿ ಹೊದಿಸಿದರೆ ಕಲೆ ಸಡಿಲವಾಗುತ್ತದೆ. ಆಮೇಲೆ ಚೆನ್ನಾಗಿ ತೊಳೆಯಬೇಕು, ಇಲ್ಲದಿದ್ದರೆ ಕಂದು ಬಣ್ಣ ಉಳಿಯುತ್ತದೆ. ಬಟ್ಟೆ ಒಗೆಯುವ ಸೋಪಿನ ಪುಡಿ ಮಾತ್ರ ಹಾಕಬೇಡಿ. ಅದರಲ್ಲಿ ಕ್ಷಾರ ಜಾಸ್ತಿ.

ಪ್ರಯೋಗಶಾಲೆ, ದಾವಣಗೆರೆ · ಶುಕ್ರವಾರ ಸಂಜೆ 6:12

ಅಂಟುವಾಳದಲ್ಲಿ ಸಪೋನಿನ್ ಇರುತ್ತದೆ, ಅದು ಮೃದುವಾದ ಸೋಪೇ. ಒಳ್ಳೆಯ ಉಪಾಯ.

ನೀರಿನ ಬಗ್ಗೆ ಒಂದು ಎಚ್ಚರಿಕೆ. ಬೋರ್‌ವೆಲ್ ಗಡಸು ನೀರನ್ನು ಬಟ್ಟೆಯಲ್ಲಿ ಹೊದಿಸಿ ಹಾಗೇ ಒಣಗಲು ಬಿಟ್ಟರೆ ಸುಣ್ಣದ ಬಿಳಿ ಉಂಗುರ ಕೂರುತ್ತದೆ. ಹುಳದ ಕಲೆ ಹೋಗಿ ನೀರಿನ ಕಲೆ ಬಂತು ಅನ್ನುವ ಹಾಗಾಗುತ್ತದೆ. ಕೊನೆಯ ಒಂದು ಚೊಂಬು ಫಿಲ್ಟರ್ ನೀರೋ ಮಳೆನೀರೋ ಹಾಕಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ನೀರು ಹೀರಿಸಿ.

ಟ್ಯಾಂಪಾ ಕನ್ನಡಿಗ, ಫ್ಲಾರಿಡಾ · ಶನಿವಾರ ಬೆಳಿಗ್ಗೆ 7:20

ಈ ಕಷ್ಟ ಇಲ್ಲಿಯವರಿಗೂ ಚೆನ್ನಾಗಿ ಗೊತ್ತು. ಇಲ್ಲಿ ಲವ್‌ಬಗ್ ಅಂತ ಒಂದು ಕಪ್ಪು ಹುಳ ಇದೆ. ಗಂಡು ಹೆಣ್ಣು ಅಂಟಿಕೊಂಡೇ ಹಾರುತ್ತವೆ. ಮೇ ಮತ್ತು ಸೆಪ್ಟೆಂಬರ್‌ನಲ್ಲಿ ಹೈವೇ ಮೇಲೆ ಮೋಡದ ಹಾಗೆ ಇರುತ್ತವೆ, ಅದೂ ಹಗಲಲ್ಲಿ. ಎಂಜಿನ್ ಹೊಗೆಯೂ ಬಿಸಿಯೂ ಅವಕ್ಕೆ ಇಷ್ಟ.

ಇಲ್ಲಿನ ವಿಶ್ವವಿದ್ಯಾಲಯದವರು ಆ ಹುಳದ ಬಗ್ಗೆ ಕೊಡುವ ಲೆಕ್ಕ ನನಗೆ ಬಾಯಿಪಾಠವಾಗಿದೆ. ಹುಳ ಬಡಿದು ಸತ್ತಾಗ ಅದರ ಪಿಎಚ್ ಸುಮಾರು 6.5, ಹೆಚ್ಚುಕಮ್ಮಿ ನೀರಿನ ಹಾಗೆ. ಗಾಡಿಯ ಮೇಲೆ ಒಂದು ದಿನ ಬಿಟ್ಟರೆ 4.25ಕ್ಕೆ ಇಳಿಯುತ್ತದೆ, ಅಂದರೆ ಹುಳಿಯಾಗುತ್ತದೆ. ಪೇಂಟ್ ತಿನ್ನುವುದು ಆ ಹುಳಿ. ಅದಕ್ಕೇ ಇಲ್ಲಿ ಎಲ್ಲರೂ ಅದೇ ದಿನ ತೊಳೆಯಬೇಕು ಅನ್ನುವುದು. ನಮ್ಮ ಕಡೆಯ ಹುಳಕ್ಕೆ ಸಂಖ್ಯೆ ಬೇರೆ ಇರಬಹುದು, ಆದರೆ ಮೂರು ದಿನ ಬಿಸಿಲಿಗೆ ಬಿಡುವುದು ಯಾವ ಹುಳದ ಜೊತೆಗೂ ಒಳ್ಳೆಯದಲ್ಲ.

ಜಯನಗರ ಸ್ಕೂಟಿ, ಬೆಂಗಳೂರು · ಶನಿವಾರ ಬೆಳಿಗ್ಗೆ 9:45

ಚರ್ಚೆ ಮಧ್ಯೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನನ್ನ ಬಿಳಿ ಸ್ಕೂಟರ್ ಮೇಲೆ ದಿನಾ ಸಾಸಿವೆ ಗಾತ್ರದ ಹಳದಿ ಹನಿಗಳು ಬಿದ್ದಿರುತ್ತವೆ. ಗಾಡಿ ನಿಂತಲ್ಲೇ ಇರುತ್ತದೆ, ಹುಳ ಬಡಿಯುವ ಪ್ರಶ್ನೆ ಇಲ್ಲ. ಒಣಗಿದರೆ ಉಗುರಿಗೂ ಬರುವುದಿಲ್ಲ. ಪೇಂಟ್ ಫ್ಯಾಕ್ಟರಿ ಏನಾದರೂ ಹತ್ತಿರ ಇದೆಯಾ ಅಂತ ಹುಡುಕಿದೆ.

ಗದ್ದೆಬದು, ಸಿಂಧನೂರು · ಶನಿವಾರ ಬೆಳಿಗ್ಗೆ 10:02

ತಲೆ ಎತ್ತಿ ನೋಡಿ ಮೇಡಂ. ಹತ್ತಿರದ ದೊಡ್ಡ ಮರದಲ್ಲೋ ನೀರಿನ ಟ್ಯಾಂಕಿನ ಕೆಳಗೋ ಹೆಜ್ಜೇನು ಕಟ್ಟಿರಬೇಕು. ಅದು ಜೇನುಹುಳಗಳ ಹಿಕ್ಕೆ. ಗುಂಪಾಗಿ ಹಾರಿ ಬಂದು ಹಾಕಿ ಹೋಗುತ್ತವೆ. ತುಂಬ ಪರಾಗ ಇರುತ್ತದೆ, ಅದಕ್ಕೇ ಹಳದಿ. ಇದಕ್ಕೂ ಒದ್ದೆ ಬಟ್ಟೆಯೇ ಮದ್ದು. ಗೂಡಿಗೆ ಹೊಗೆ ಹಾಕಿಸಲು ಮಾತ್ರ ಹೋಗಬೇಡಿ. ಹೆಜ್ಜೇನು ರೊಚ್ಚಿಗೆದ್ದರೆ ಜೀವಕ್ಕೇ ಅಪಾಯ. ಗಾಡಿಗೆ ಹತ್ತಿ ಬಟ್ಟೆಯ ಕವರ್ ಹಾಕಿ, ಸಾಕು.

ಮಾವಿನ ಮರದ ಕೆಳಗೆ ನಿಲ್ಲಿಸುವವರಿಗೂ ಹೇಳುತ್ತೇನೆ. ಹೂ ಬಿಡುವ ಕಾಲದಲ್ಲಿ ಗಾಡಿ ಮೇಲೆ ಅಂಟು ಅಂಟು ಬೀಳುತ್ತದಲ್ಲ, ಅದೂ ಹುಳದ್ದೇ. ಮಾವಿನ ಜಿಗಿಹುಳು ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಸಕ್ಕರೆ ಆದ್ದರಿಂದ ನೀರಿಗೆ ಬೇಗ ಕರಗುತ್ತದೆ. ಬಿಟ್ಟರೆ ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ.

ಘಾಟಿಸವಾರ, ಸಕಲೇಶಪುರ · ಶನಿವಾರ ಮಧ್ಯಾಹ್ನ 12:30

ಪೆಟ್ರೋಲ್ ವಿಷಯ ಒಪ್ಪಿದೆ. ನನ್ನ ಹಳೆಯ ಹೆಲ್ಮೆಟ್ ಗ್ಲಾಸಿನಲ್ಲಿ ಜೇಡರಬಲೆಯ ಹಾಗೆ ಸೀಳು ಬಂದದ್ದು ಯಾಕೆ ಅಂತ ಈಗ ಗೊತ್ತಾಯಿತು. ಅದನ್ನೂ ಪೆಟ್ರೋಲಿನಲ್ಲೇ ಒರೆಸಿದ್ದೆ.

ನಾನು ಗೊತ್ತಿದ್ದೇ ಹೇಳಬಹುದಾದ ಒಂದು ವಿಷಯ ರೇಡಿಯೇಟರ್. ಪೇಂಟ್ ಮೇಲೆ ಅಷ್ಟು ಹುಳ ಬಡಿದಿದ್ದರೆ ರೇಡಿಯೇಟರಿನ ತೆಳು ತಗಡಿನ ರೆಕ್ಕೆಗಳ ನಡುವೆಯೂ ತುಂಬಿರುತ್ತವೆ. ಗಾಳಿ ಆಡದೆ ಎಂಜಿನ್ ಬಿಸಿಯಾಗುತ್ತದೆ. ವಾಟರ್ ವಾಶ್‌ನವರ ಪ್ರೆಶರ್ ಗನ್ ಹತ್ತಿರದಿಂದ ಹಿಡಿಸಬೇಡಿ, ಆ ತೆಳು ತಗಡು ಮಡಚಿಕೊಳ್ಳುತ್ತದೆ. ನನ್ನದು ಒಂದು ಕಡೆ ಹಾಗಾಗಿದೆ. ಎಂಜಿನ್ ತಣ್ಣಗಾದ ಮೇಲೆ ಪೈಪಿನ ನೀರು ಬಿಟ್ಟು, ಮೆತ್ತನೆ ಬ್ರಶ್‌ನಿಂದ ರೆಕ್ಕೆ ಇರುವ ದಿಕ್ಕಿಗೇ ಮೇಲಿಂದ ಕೆಳಗೆ ಎಳೆಯಿರಿ.

ನೀಲಿಕುದುರೆ, ಬೆಂಗಳೂರು · ಭಾನುವಾರ ಮಧ್ಯಾಹ್ನ 2:10

ಪೇಂಟರ್ ಅಣ್ಣಾ, ನೀವು ಹೇಳಿದ ಹಾಗೇ ಮಾಡಿದೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದೆ, ಬಿಸಿಲು ಏರುವ ಮೊದಲು. ಮೂರು ಸಲ ಹೊದಿಸಿದೆ. ಮೊದಲ ಸಲ ತೆಗೆದಾಗ ಟವೆಲ್ ಮೇಲೆ ಅರಿಶಿನ ಒರೆಸಿದ ಹಾಗೆ ಹಳದಿ ಗೆರೆಗಳು ಬಂದವು. ಎರಡನೇ ಸಲ ಕಲೆಗಳು ಉಬ್ಬಿ ಲೋಳೆಯಾಗಿ ತಾವೇ ಜಾರಿದವು. ನಾನು ಬೆರಳು ಇಟ್ಟದ್ದೂ ಇಲ್ಲ. ಡೂಮ್, ಮಡ್‌ಗಾರ್ಡ್ ಪೂರ್ತಿ ಸ್ವಚ್ಛ. ರೇಡಿಯೇಟರಿನಿಂದ ಒಂದು ಹಿಡಿ ಹುಳ ಬಂತು.

ಟ್ಯಾಂಕಿನಲ್ಲಿ ಏಳೆಂಟು ಕಡೆ ಕಲೆ ಹೋಗಿ ಮಸುಕು ಗುರುತು ಉಳಿದಿದೆ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಹುಳದ ಆಕಾರವೇ ಕಾಣುತ್ತದೆ. ಮಂಜಿನ ಜಾಗಕ್ಕೆ ನೀರು ಸವರಿದೆ, ಮಾಯವಾಯಿತು! ಉಗುರು ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ.

ಗ್ಯಾರೇಜ್ ಪೇಂಟರ್, ಶಿವಮೊಗ್ಗ · ಭಾನುವಾರ ರಾತ್ರಿ 8:45

ಹಾಗಾದರೆ ಸರಿಹೋಗುತ್ತದೆ, ಚಿಂತೆ ಬಿಡು. ಆಕಾರ ಕಾಣುವುದು ಕಲೆ ಅಲ್ಲ, ಹುಳಿ ಕ್ಲಿಯರನ್ನು ತಿಂದ ಗುರುತು. ಎಷ್ಟು ತೊಳೆದರೂ ಹೋಗುವುದಿಲ್ಲ. ಸುತ್ತಲಿನ ಕ್ಲಿಯರನ್ನು ತೀರಾ ಸ್ವಲ್ಪ ಇಳಿಸಿ ಸಮ ಮಾಡಬೇಕು.

ಅತಿ ನುಣುಪಾದ ಪಾಲಿಶ್‌ನಿಂದ ಶುರು ಮಾಡು. ಅಂಗಡಿಯವನು ಒರಟು ರಬ್ಬಿಂಗ್ ಕಾಂಪೌಂಡ್ ಕೊಟ್ಟರೆ ತಗೊಳ್ಳಬೇಡ. ಸ್ಟಿಕ್ಕರ್ ಅಂಚಿಗೂ ಟ್ಯಾಂಕಿನ ಏಣುಗಳಿಗೂ ಪೇಪರ್ ಟೇಪ್ ಅಂಟಿಸು. ಏಣಿನ ಮೇಲೆ ಪೇಂಟ್ ತೀರಾ ತೆಳು ಇರುತ್ತದೆ, ನಾಲ್ಕು ಸಲ ಎಳೆದರೆ ಒಳಗಿನ ಪ್ರೈಮರ್ ಕಾಣುತ್ತದೆ. ಫೋಮ್ ಪ್ಯಾಡಿಗೆ ಬಟಾಣಿ ಕಾಳಿನಷ್ಟು ಪಾಲಿಶ್, ಒಂದು ಸಲಕ್ಕೆ ಅಂಗೈಯಗಲ ಜಾಗ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಒರೆಸಿ ಟಾರ್ಚ್‌ನಲ್ಲಿ ನೋಡು. ಇನ್ನೊಂದು ಸುತ್ತು ಬೇಕಾದರೆ ಮಾಡು. ಶೇಕಡಾ 90 ಹೋದರೆ ನಿಲ್ಲಿಸು. ಉಳಿದ ಹತ್ತರ ಆಸೆಗೆ ಬಿದ್ದು ಕ್ಲಿಯರ್ ದಾಟಿಸಿಕೊಂಡು ನನ್ನ ಹತ್ತಿರ ಬಂದವರು ಬಹಳ ಜನ. ಆಗ ಟ್ಯಾಂಕ್ ಪೂರ್ತಿ ಹೊಡೆಯಬೇಕಾಗುತ್ತದೆ. ಕಂಪನಿಯ ಮೂಲ ಪೇಂಟ್ ಒಮ್ಮೆ ಹೋದರೆ ನಾನು ಎಷ್ಟು ಚೆನ್ನಾಗಿ ಹೊಡೆದರೂ ಅದು ಮೂಲದ್ದಲ್ಲ.

ಕೈಯಲ್ಲೇ ಮಾಡು, ಮೆಷಿನ್ ಬೇಡ. ಕೊನೆಗೆ ವ್ಯಾಕ್ಸ್ ಹಚ್ಚು. ವ್ಯಾಕ್ಸ್ ಮೇಲೆ ಬಿದ್ದ ಹುಳ ಬೇಗ ಬಿಡುತ್ತದೆ.

ನೀಲಿಕುದುರೆ, ಬೆಂಗಳೂರು · ಎರಡು ವಾರದ ನಂತರ, ಭಾನುವಾರ ಸಂಜೆ 6:20

ಎರಡು ಭಾನುವಾರ ಹಿಡಿಯಿತು. ಮಂಜಿನ ಜಾಗ ಪೂರ್ತಿ ಹೋಗಿದೆ. ಅಕ್ಕ ವಿಡಿಯೋ ಕಾಲ್‌ನಲ್ಲಿ ಎಲ್ಲಿತ್ತು ಅಂತ ಕೇಳಿದಳು, ನಾನೇ ಬೆರಳಿಟ್ಟು ತೋರಿಸಬೇಕಾಯಿತು. ಗುರುತುಗಳಲ್ಲಿ ಎರಡು ಉಳಿದಿವೆ, ಎಳ್ಳುಕಾಳಿನಷ್ಟು, ಟ್ಯಾಂಕ್ ಮುಚ್ಚಳದ ಹತ್ತಿರದ ಏಣಿನ ಪಕ್ಕ. ಪಾಲಿಶ್ ಕೈಗೆತ್ತಿಕೊಂಡಿದ್ದೆ, ನಿಮ್ಮ ಮಾತು ನೆನಪಾಗಿ ಇಟ್ಟುಬಿಟ್ಟೆ.

ಸಂಕ್ರಾಂತಿಗೆ ಮತ್ತೆ ಗಂಗಾವತಿಗೆ ಹೋಗುತ್ತೇನೆ. ಈ ಸಲ ಟ್ಯಾಂಕ್ ಬ್ಯಾಗಿನಲ್ಲಿ ನೀರು ತುಂಬಿದ ಸ್ಪ್ರೇ ಬಾಟಲಿ, ಎರಡು ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಂಡಿದ್ದೇನೆ, ಗ್ಲಾಸಿಗೆ ಒಂದು, ಪೇಂಟಿಗೆ ಒಂದು.

ಗ್ಯಾರೇಜ್ ಪೇಂಟರ್, ಶಿವಮೊಗ್ಗ · ಭಾನುವಾರ ರಾತ್ರಿ 9:00

ಆ ಎರಡನ್ನು ಮುಟ್ಟಬೇಡ, ಹಾಗೇ ಇರಲಿ. ಹೊರಡುವ ಹಿಂದಿನ ದಿನ ಇನ್ನೊಂದು ಕೈ ವ್ಯಾಕ್ಸ್ ಹಚ್ಚಿಕೋ.

ಗದ್ದೆಬದು, ಸಿಂಧನೂರು · ಭಾನುವಾರ ರಾತ್ರಿ 9:14

ವಾಪಸ್ ಹೋಗುವಾಗ ಬೆಳಿಗ್ಗೆಯೇ ಬಿಡಿ ರೀ. ಅಕ್ಕ ಮಧ್ಯಾಹ್ನದ ಊಟಕ್ಕೆ ನಿಲ್ಲು ಅಂದರೆ, ಬುತ್ತಿ ಕಟ್ಟಿಸಿಕೊಳ್ಳಿ.